ಆಮೆ ಬರೆದದ್ದು ಯಾರ ಬಗ್ಗೆ?

ಆಫೀಸಿನಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಫೋನಿನ ಹುಚ್ಚಿತ್ತೆಂದಲ್ಲ. ಹಲ್ಲಿನ ಕ್ಲಿನಿಕ್ಕುಗಳಿಗೆ ಬೇಕಾದ ಪ್ರೋಗ್ರಾಮ್ ಮಾಡಿಕೊಡುವ ಆ ಸಣ್ಣ ಕಂಪನಿಗೆ ಅವಳು ಮೊದಲು ಸೇರಿದ್ದು ಫೋನ್ ಎತ್ತುವ ಕೆಲಸಕ್ಕೆ. ಒಂದು ಕ್ಲಿನಿಕ್ಕಿನಲ್ಲಿ ರೋಗಿಯ ಹೆಸರು ಸ್ಕ್ರೀನಿನ ಮೇಲೆ ಬರುತ್ತಿಲ್ಲ, ಇನ್ನೊಂದರಲ್ಲಿ ಪ್ರಿಂಟರು ಮುಷ್ಕರ ಹೂಡಿದೆ, ಮತ್ತೊಂದು ಕಡೆ ಒಬ್ಬನೇ ಡಾಕ್ಟರಿಗೆ ಒಂದೇ ಹೊತ್ತಿಗೆ ಇಬ್ಬರು ರೋಗಿಗಳು ಬಾಯಿ ತೆರೆದುಕೊಂಡು ಕೂತಿದ್ದಾರೆ. ಇಂಥ ಗೋಳುಗಳನ್ನು ವರ್ಷಗಟ್ಟಲೆ ಕೇಳಿ ಕೇಳಿ, ಇದು ಯಾಕೆ ಹೀಗಾಗುತ್ತದೆ ಎಂದು ಒಳಗೆ ಇಣುಕಿ ನೋಡುವ ಚಟ ಅವಳಿಗೆ ಹತ್ತಿತು. ಇಣುಕಿದವಳು ಅಲ್ಲೇ ಕಾಲೂರಿದಳು. ಸಂಜೆಯ ತರಗತಿಗೆ ಹೋಗಿ ಕಲಿತಳು, ಪಕ್ಕದವರನ್ನು ಕಾಡಿ ಬೇಡಿ ಕಲಿತಳು. ಕೊನೆಗೊಂದು ದಿನ ಫೋನಿನ ಮೇಜು ಬಿಟ್ಟು ಪ್ರೋಗ್ರಾಮ್ ಬರೆಯುವವರ ಮೇಜಿಗೆ ಬಂದು ಕೂತಳು. ಆಗ ವಯಸ್ಸು ನಲವತ್ತರ ಹತ್ತಿರ. ಅಡ್ಡಹೆಸರು ಮಾತ್ರ ಹಳೆಯ ಮೇಜಿನಿಂದ ಜೊತೆಗೇ ಬಂತು.

ಕೆಲಸದಲ್ಲಿ ಅವಳೇನೂ ಹಿಂದೆ ಬಿದ್ದವಳಲ್ಲ. ಆದರೆ ಎದೆಯೊಳಗೊಂದು ಇಲಿ ಸೇರಿಕೊಂಡು ಸದಾ ಕೊರೆಯುತ್ತಿತ್ತು. ಉಳಿದವರೆಲ್ಲ ಕಾಲೇಜಿನಲ್ಲಿ ಕ್ರಮವಾಗಿ ಓದಿ ಬಂದವರು, ನಾನೊಬ್ಬಳು ಹಿತ್ತಿಲ ಬಾಗಿಲಿನಿಂದ ನುಗ್ಗಿದವಳು, ಯಾವತ್ತೋ ಒಂದು ದಿನ ಯಾರೋ ಬಂದು ಭುಜ ಮುಟ್ಟಿ, ‘ನೀವು ಇಲ್ಲಿ ಹೇಗೆ?’ ಎಂದು ಕೇಳಿಯೇ ಕೇಳುತ್ತಾರೆ ಎಂಬ ಭಯ. ಆ ಇಲಿಗೆ ದಿನಾ ಕಾಳು ಹಾಕಿ ಸಾಕುತ್ತಿದ್ದದ್ದು ಅವಳ ಓದು.

ಬಸ್ಸಿನಲ್ಲಿ ಸೀಟು ಸಿಕ್ಕಿತೆಂದರೆ ಮೊಬೈಲ್ ತೆಗೆಯುವಳು. ಕಂಪ್ಯೂಟರಿನ ಬಗ್ಗೆ ಜನ ಇಂಟರ್‌ನೆಟ್ಟಿನಲ್ಲಿ ಏನೇನು ಬರೆದಿದ್ದಾರೋ ಅದನ್ನೆಲ್ಲ ಓದುವಳು. ಪ್ರೋಗ್ರಾಮ್ ಬರೆಯುವವರಿಗೆ ಇಷ್ಟಾದರೂ ಗೊತ್ತಿರಲೇಬೇಕು, ಇಲ್ಲದವರು ದಯವಿಟ್ಟು ಬೇರೆ ಕೆಲಸ ನೋಡಿಕೊಳ್ಳಿ ಎಂದು ಒಬ್ಬ ಬರೆದಿರುತ್ತಿದ್ದ. ನೋಡಿದರೆ ಅದರಲ್ಲಿ ಅರ್ಧವೂ ಅವಳಿಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದ ಒಂದು ಪದದ ಅರ್ಥ ಹುಡುಕಿದರೆ, ಆ ವಿವರಣೆಯೊಳಗೆ ಗೊತ್ತಿಲ್ಲದ ಇನ್ನೂ ಮೂರು ಪದಗಳು ಕಾಲು ಚಾಚಿಕೊಂಡು ಕೂತಿರುತ್ತಿದ್ದವು. ಇಂಥ ಪ್ರೋಗ್ರಾಮಿಂಗ್ ಭಾಷೆ ಸತ್ತುಹೋಯಿತು ಎಂದು ಇನ್ನೊಬ್ಬ ಬರೆಯುತ್ತಿದ್ದ. ಅದು ಅವಳು ದಿನವಿಡೀ ಬಳಸುತ್ತಿದ್ದ ಭಾಷೆ. ಆ ವರ್ಷವೊಂದರಲ್ಲೇ ಅದು ಹಲವು ಸಲ ಸತ್ತಿತ್ತು. ಆದರೂ ದಿನಾ ಬೆಳಿಗ್ಗೆ ಅವಳಿಗಿಂತ ಮೊದಲೇ ಆಫೀಸಿಗೆ ಬಂದು ಕೂತಿರುತ್ತಿತ್ತು. ಇನ್ನು ಕೆಲವರು, ಪ್ರೋಗ್ರಾಮನ್ನು ಇನ್ನುಮುಂದೆ ಯಂತ್ರವೇ ಬರೆಯುತ್ತದೆ, ನೀವೆಲ್ಲ ಗಂಟುಮೂಟೆ ಕಟ್ಟಿ ಎನ್ನುವರು. ಒಂದು ವಾರ ಬಿಟ್ಟು ಅವರೇ, ಇಲ್ಲ ಇಲ್ಲ, ಸದ್ಯಕ್ಕೆ ಗಂಟು ಬಿಚ್ಚಿ ಎನ್ನುವರು. ಒಮ್ಮೆ ಪಕ್ಕದ ಸೀಟಿನ ಹೆಂಗಸು ಅವಳ ಮುಖ ನೋಡಿ ಮರುಗಿ, “ಯಾರಾದ್ರೂ ಹೋಗ್ಬಿಟ್ರಾ?” ಎಂದು ಕೇಳಿದಳು. ಭಾಷೆ ಹೋಯಿತು ಎನ್ನಲಾದೀತೆ? “ದೂರದ ಸಂಬಂಧ,” ಎಂದುಬಿಟ್ಟಳು ಫೋನಕ್ಕ.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಈ ಓದು ಅವನ ತಲೆಗೆ ಹೋಗುತ್ತಿರಲಿಲ್ಲ. “ಸುಮ್ನೆ ಯಾಕೆ ಓದಿ ಓದಿ ಸೊರಗ್ತೀಯ? ಲಿಫ್ಟ್ ಬಗ್ಗೆನೂ ಜನ ಏನೇನೋ ಬರೀತಾರೆ. ನಾನು ಓದ್ತೀನಾ? ಓದಿದ್ರೆ ನಾನೇ ಮೆಟ್ಲು ಹತ್ಕೊಂಡು ಹೋಗ್ಬೇಕಾಗುತ್ತೆ,” ಎನ್ನುತ್ತಿದ್ದ.

ಇಷ್ಟೆಲ್ಲದರ ನಡುವೆ ಅವಳಿಗೆ ಆಮೆ ಸಿಕ್ಕಿತು.

ಆಮೆ ಎಂಬುದು ಒಬ್ಬ ಬರಹಗಾರರ ಗುಪ್ತನಾಮ. ಗಂಡೋ ಹೆಣ್ಣೋ, ಎಲ್ಲಿಯವರೋ, ಯಾರಿಗೂ ಗೊತ್ತಿರಲಿಲ್ಲ. ಬರಹದ ಮೇಲ್ಗಡೆ ಒಂದು ಆಮೆಯ ಚಿತ್ರ, ಅಷ್ಟೆ. ಅವಳು ಓದಿದ ಮೊದಲನೆಯ ಬರಹದಲ್ಲಿ ಆಮೆ ಒಂದು ಸಣ್ಣ ತೊಡಕನ್ನು ಬಿಡಿಸಲು ಇಡೀ ದಿನ ಒದ್ದಾಡಿದ್ದನ್ನು ವಿವರಿಸಿ, ಕೊನೆಗೆ ‘ಇವತ್ತು ಅರ್ಥವಾಗಲಿಲ್ಲ. ನಾಳೆ ಮತ್ತೆ ನೋಡುತ್ತೇನೆ’ ಎಂದು ಮುಗಿಸಿತ್ತು. ಅಷ್ಟೇ! ಉಪದೇಶ ಇಲ್ಲ, ಜಂಬ ಇಲ್ಲ. ಫೋನಕ್ಕ ಬಸ್ಸಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು. ಅಂದಿನಿಂದ ಆಮೆ ಬರೆದದ್ದನ್ನು ಒಂದೂ ಬಿಡದೆ ಓದಿದಳು. ಮನೆಯಲ್ಲಿ ಅತ್ತೆಗೂ ಓದಿ ಹೇಳುವಳು. ಅತ್ತೆ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮಾತು ಕತ್ತರಿಯಷ್ಟೇ ಹರಿತ. ಕಂಪ್ಯೂಟರು ಅವರಿಗೆ ಗೊತ್ತಿರಲಿಲ್ಲ, ಆದರೆ ತರಕಾರಿ ಹೆಚ್ಚುತ್ತ ಕೂತು, “ಪಾಪ, ಇವತ್ತೂ ಸಿಕ್ಕಾಕ್ಕೊಂಡಿತಾ ನಿನ್ನ ಆಮೆ?” ಎಂದು ನಗುವರು.

ಹೀಗಿರುವಾಗ ಆಫೀಸಿನಲ್ಲಿ ಒಂದು ದೊಡ್ಡ ಮೀಟಿಂಗ್ ನಡೆಯಿತು.

ಅವರ ತಂಡದಲ್ಲಿ ಎಲ್ಲರಿಗಿಂತ ಚುರುಕಾದವಳು ಮೂವತ್ತು ವಯಸ್ಸಿನ ಒಬ್ಬಳು ಇಂಜಿನಿಯರ್. ಅವಳ ಬೆರಳು ಕೀಬೋರ್ಡಿನ ಮೇಲೆ ಓಡುವುದನ್ನು ನೋಡಿದವರು ಅವಳಿಗೆ ಮಿಂಚು ಎಂದು ಹೆಸರಿಟ್ಟಿದ್ದರು. ಮಿಂಚು ಅಂದು ಬೋರ್ಡಿನ ತುಂಬ ಚೌಕಗಳನ್ನೂ ಬಾಣಗಳನ್ನೂ ಬರೆದು ಒಂದು ಯೋಜನೆ ಮಂಡಿಸಿದಳು. ಕ್ಲಿನಿಕ್ಕುಗಳು ಬಳಸುವ ಅವರ ಪ್ರೋಗ್ರಾಮ್ ಆಗ ಒಂದೇ ಇಡಿಯಾಗಿತ್ತು. ಅದನ್ನು ಒಡೆದು, ಬೇರೆ ಬೇರೆಯಾಗಿ ಓಡುವ ಹತ್ತಾರು ಸಣ್ಣ ಸರ್ವಿಸ್‌ಗಳನ್ನಾಗಿ ಮಾಡಬೇಕು, ಈಗ ಎಲ್ಲ ಕಡೆಯೂ ಹೀಗೇ ಮಾಡುತ್ತಿದ್ದಾರೆ ಎಂದಳು. “ಒಂದು ದೊಡ್ಡ ಹಂಡೆ ಬದ್ಲು ಸಣ್ಣ ಸಣ್ಣ ಲೋಟ ಅಂದ್ಕೊಳ್ಳಿ,” ಎಂದು ಹೇಳಿ, ಅಲ್ಲಿಂದ ಮುಂದೆ ಯಾವ ಹಂಡೆಗೂ ಲೋಟಕ್ಕೂ ಸಂಬಂಧವಿಲ್ಲದ ಪದಗಳನ್ನು ಸುರಿದಳು. ಕೊನೆಗೆ, “ಎಲ್ಲರಿಗೂ ಅರ್ಥ ಆಯ್ತಲ್ಲ?” ಎಂದಳು.

ಫೋನಕ್ಕನಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಎದುರಿಗೆ ಕೂತಿದ್ದ ಮ್ಯಾನೇಜರ್ ಕಡೆ ನೋಡಿದಳು. ಅವರ ತಲೆ ನಿಧಾನವಾಗಿ ಮೇಲೂ ಕೆಳಗೂ ಆಡುತ್ತಿತ್ತು. ಸರಿ, ಇವಳ ತಲೆಯೂ ಆಡಿತು. ಮೇಜಿನ ಸುತ್ತ ಎಲ್ಲ ತಲೆಗಳೂ ಆಡಿದವು. ಯೋಜನೆ ಪಾಸಾಯಿತು. ಮುಂದಿನ ತಿಂಗಳಿಂದ ಇಡೀ ತಂಡ ಅದೇ ಕೆಲಸಕ್ಕೆ ಇಳಿಯುವುದು ಎಂದಾಯಿತು.

ಅದಾಗಿ ಕೆಲವು ದಿನಕ್ಕೆ, ಬೆಳಗಿನ ಬಸ್ಸಿನಲ್ಲಿ ಫೋನಕ್ಕ ಆಮೆಯ ಹೊಸ ಬರಹ ತೆರೆದಳು. ತಲೆಬರಹ ‘ತಲೆಯಾಡಿಸುವವರು’ ಎಂದಿತ್ತು. ಇವತ್ತು ಒಳ್ಳೆ ತಮಾಷೆಯಿದೆ ಎಂದುಕೊಂಡು ಕಾಲು ಮಡಚಿ ಆರಾಮಾಗಿ ಕೂತಳು.

‘ನಮ್ಮ ಮೇಜಿನ ಹಿರಿಯರೊಬ್ಬರ ಬಗ್ಗೆ ಹೇಳಬೇಕು,’ ಎಂದು ಬರಹ ಶುರುವಾಗಿತ್ತು. ‘ಬೇರೆಯೇ ಕೆಲಸ ಮಾಡಿಕೊಂಡಿದ್ದು, ತಡವಾಗಿ ಈ ಕಡೆ ಬಂದವರು. ಮಾತು ಅರ್ಥವಾಗದಿದ್ದಾಗ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾರೆ. ಎದುರಿಗಿರುವವರ ಮುಖ ನೋಡಿ, ಅವರ ತಲೆ ಅಲ್ಲಾಡಿದರೆ ತಾವೂ ಆಡಿಸುತ್ತಾರೆ. ಮೊನ್ನೆ ನಮ್ಮಲ್ಲಿ ಹಂಡೆ ಒಡೆದು ಲೋಟ ಮಾಡುವ ನಿರ್ಧಾರವಾಯಿತು. ಅವರಿಗೆ ಒಂದಕ್ಷರ ಅರ್ಥವಾಗಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ತಲೆಯಾಡಿಸಿದರು. ಅದನ್ನು ನಂಬಿ ಉಳಿದವರು ತಿಂಗಳುಗಟ್ಟಲೆ ದುಡಿಯಲಿದ್ದಾರೆ. ಇಂಥವರು ಈ ಕೆಲಸದಲ್ಲಿ ಇರಬೇಕೆ? ಇರಬಾರದು ಎಂದೇ ಈಚೆಗೆ ನನಗೆ ಅನ್ನಿಸುತ್ತಿದೆ.’

ಫೋನಕ್ಕ ಮಡಚಿದ್ದ ಕಾಲು ಇಳಿಸಿ ನೆಟ್ಟಗೆ ಕೂತಳು. ಹಂಡೆ, ಲೋಟ, ಪೆನ್ನಿನ ಮುಚ್ಚಳ! ತಡವಾಗಿ ಬಂದ ಹಿರಿಯರು! ಇನ್ನು ಹೆಸರು ಬರೆಯುವುದೊಂದು ಬಾಕಿ. ಆಮೆ ತನ್ನ ಆಫೀಸಿನಲ್ಲೇ ಇದೆ, ತನ್ನ ಮೇಜಿನಲ್ಲೇ ಕೂತು ತನ್ನನ್ನೇ ನೋಡಿದೆ. ಇಳಿಯಬೇಕಾದ ಜಾಗ ಹಿಂದೆ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ಮುಂದಿನ ನಿಲ್ದಾಣದಿಂದ ನಡೆದು ಬಂದಳು. ಬಯ್ಯುವವರು ಬಯ್ದಿದ್ದರೆ ಅವಳಿಗೆ ಅಭ್ಯಾಸವಿತ್ತು. ಆದರೆ ಇಷ್ಟು ದಿನ ಧೈರ್ಯ ಕೊಟ್ಟಿದ್ದ ಒಂದೇ ಒಂದು ದನಿ ಹೀಗೆ ಹೇಳಿತಲ್ಲ ಎಂಬುದನ್ನು ಅವಳಿಂದ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅಂದು ಆಫೀಸಿನಲ್ಲಿ ಅವಳ ಕಣ್ಣಿಗೆ ಎಲ್ಲರೂ ಆಮೆಯ ಹಾಗೆಯೇ ಕಂಡರು. ಪ್ರೋಗ್ರಾಮನ್ನು ಪರೀಕ್ಷೆ ಮಾಡುವ ಟೆಸ್ಟರ್ ಕುತ್ತಿಗೆ ಹೊರಗೆ ಚಾಚಿ ನೋಡಿದರೆ, ಇವನೇ ಇರಬೇಕು ಎನ್ನಿಸಿತು. ಮಿಂಚು ಎಂದಿಗಿಂತ ನಿಧಾನವಾಗಿ ಕಾಫಿ ಕುಡಿದರೆ, ಓಹೋ, ಇವಳೇ ಎನ್ನಿಸಿತು. ಯಾರೋ ಅವಳ ಬೆನ್ನ ಹಿಂದೆ ನಕ್ಕರು. ಅವರು ಯಾವುದೋ ಬೆಕ್ಕಿನ ವಿಡಿಯೋ ನೋಡಿ ನಕ್ಕದ್ದು; ಆದರೂ ಇವಳ ಕಿವಿ ಕೆಂಪಾಯಿತು. ಮೇಜಿನ ಮೇಲಿದ್ದ ಪೆನ್ನುಗಳನ್ನೆಲ್ಲ ಡ್ರಾಯರಿಗೆ ಹಾಕಿ ಮುಚ್ಚಿದಳು. ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಟ್ಟಳು.

ಸಂಜೆ ಮನೆಯಲ್ಲಿ ಅತ್ತೆ ಕ್ಯಾರೆಟ್ ಹೆಚ್ಚುತ್ತ ಕಾದಿದ್ದರು. “ಇವತ್ತು ಆಮೆ ಏನೂ ಬರೆದಿಲ್ವಾ?”

“ಇಲ್ಲ ಅತ್ತೆ.”

“ಬರೆಯೋ ದಿನ ಅಲ್ವಾ ಇವತ್ತು?”

ಅಷ್ಟಕ್ಕೇ ಫೋನಕ್ಕನ ಕಟ್ಟೆ ಒಡೆಯಿತು. ಅಳುತ್ತಲೇ ಮೊಬೈಲ್ ತೆಗೆದು ಮೊದಲಿಂದ ಕೊನೆಯವರೆಗೆ ಓದಿದಳು. ಬೂಟು ಬಿಚ್ಚುತ್ತಿದ್ದ ಗಂಡ ಒಂದು ಕಾಲಿನ ಬೂಟಿನಲ್ಲೇ ಎದ್ದು ಬಂದ.

“ಯಾರವನು? ಹೆಸರು ಹೇಳು. ನಿಮ್ಮ ಬಿಲ್ಡಿಂಗಿನ ಲಿಫ್ಟ್ ನನ್ನ ಕೈಲೇ ಇರೋದು. ಎರಡು ಮಹಡಿ ಮಧ್ಯೆ ನಿಲ್ಲಿಸಿ, ಒಳಗೆ ಕೂತು ಇನ್ನೊಂದು ಬರಿ ನೋಡೋಣ ಅಂತೀನಿ.”

“ಯಾರು ಅಂತಾನೇ ಗೊತ್ತಿಲ್ಲ ರೀ.”

“ಹಾಗಾದ್ರೆ ಎಲ್ಲರನ್ನೂ ನಿಲ್ಲಿಸ್ತೀನಿ.”

“ನೀನು ಮೊದ್ಲು ಇನ್ನೊಂದು ಬೂಟು ಬಿಚ್ಚು,” ಎಂದರು ಅತ್ತೆ. ಆಮೇಲೆ ಚಾಕು ಕೆಳಗಿಟ್ಟು ಸೊಸೆಯ ಕಡೆ ತಿರುಗಿದರು. “ಅದೆಲ್ಲ ಇರ್ಲಿ. ಬರೆದದ್ದು ಸುಳ್ಳಾ?”

ಫೋನಕ್ಕ ತಲೆ ತಗ್ಗಿಸಿದಳು. “ಸುಳ್ಳಲ್ಲ ಅತ್ತೆ. ನಂಗೆ ನಿಜವಾಗ್ಲೂ ಅರ್ಥ ಆಗಿರ್ಲಿಲ್ಲ.”

“ಮತ್ತೆ ಕೇಳ್ಬಾರ್ದಿತ್ತಾ?”

“ಕೇಳಿದ್ರೆ, ಇವಳಿಗೆ ಇಷ್ಟೂ ಗೊತ್ತಿಲ್ಲ ಅಂತಾರಲ್ಲ.”

“ನೋಡಮ್ಮ,” ಎಂದರು ಅತ್ತೆ. “ಥಿಯೇಟರಲ್ಲಿ ಡಾಕ್ಟ್ರು ಮಾಸ್ಕ್ ಒಳಗಿಂದ ಏನೋ ಗೊಣಗೋರು. ಅರ್ಥ ಆಗ್ದಿದ್ರೆ ನಾನು, ಇನ್ನೊಂದ್ಸಲ ಹೇಳಿ ಡಾಕ್ಟ್ರೇ ಅಂತಿದ್ದೆ. ಎಷ್ಟೋ ಜನ ಉರಿದುಬೀಳೋರು. ಬೀಳ್ಲಿ. ಮೇಜಿನ ಮೇಲೆ ಮನುಷ್ಯ ಮಲಗಿರ್ತಾನೆ. ತಪ್ಪು ಕತ್ತರಿ ಕೊಟ್ಟು ನನ್ನ ಮರ್ಯಾದೆ ಉಳಿಸ್ಕೊಳ್ಲಾ?” ಮತ್ತೆ ಚಾಕು ಕೈಗೆತ್ತಿಕೊಂಡು, “ನಾಳೆ ಹೋಗಿ ನಿಮ್ಮ ಮ್ಯಾನೇಜರ್‌ಗೆ ಹೇಳು. ಅರ್ಥ ಆಗಿಲ್ಲ ಅನ್ನೋದಕ್ಕೆ ಇನ್ನೂ ಹೊತ್ತು ಮೀರಿಲ್ಲ,” ಎಂದರು.

ಹೇಳಿಬಿಡುವುದು ಎಂದು ಫೋನಕ್ಕ ನಿಶ್ಚಯ ಮಾಡಿದಳು. ನೀನು ಈ ಮೇಜಿಗೆ ಲಾಯಕ್ಕಿಲ್ಲ ಎಂದರೆ ಫೋನಿನ ಮೇಜಿಗೇ ಹಿಂದಿರುಗುತ್ತೇನೆ, ಅಲ್ಲೂ ಸುಖವಾಗಿಯೇ ಇದ್ದೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗೆ ಹೇಳಿಕೊಂಡ ಮೇಲೆ ಊಟ ಸ್ವಲ್ಪ ಸೇರಿತು.

ಮ್ಯಾನೇಜರ್ ಕೋಣೆಗೆ ಹೋಗುವುದೆಂದರೆ ಆ ಆಫೀಸಿನಲ್ಲಿ ಎಲ್ಲರಿಗೂ ಒಂದು ನಗು. ಅವರು ಮೊದಲು ಊರೂರು ಅಲೆದು ಹಲ್ಲಿನ ಡಾಕ್ಟರುಗಳಿಗೆ ಕುರ್ಚಿ ಮಾರುತ್ತಿದ್ದವರು. ಡಾಕ್ಟರುಗಳೆಲ್ಲ ಪರಿಚಯವೆಂದು ಕಂಪನಿಯ ಯಜಮಾನರು ಅವರನ್ನು ಕರೆತಂದು ಇಲ್ಲಿ ಕೂರಿಸಿದ್ದರು. ಬರುವಾಗ ಅವರು ಮಾದರಿಗೆಂದು ಇಟ್ಟುಕೊಂಡಿದ್ದ ಒಂದು ಕುರ್ಚಿಯನ್ನೂ ತಂದಿದ್ದರು. ಭೇಟಿಗೆ ಬಂದವರು ಕೂರಬೇಕಾದದ್ದು ಅದರಲ್ಲೇ. ಕೂತರೆ ಸಾಕು, ಅದು ತಾನಾಗಿಯೇ ಹಿಂದಕ್ಕೆ ವಾಲಿ ಕಾಲು ಮೇಲೆತ್ತುತ್ತಿತ್ತು. ಮರುದಿನ ಬೆಳಿಗ್ಗೆ ಫೋನಕ್ಕ ಅದರ ಅಂಚಿನಲ್ಲಿ ಕೂತು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದಳು:

“ಸರ್, ಆಮೆ ಬರೆದದ್ದು ಓದಿದೆ.”

ಮ್ಯಾನೇಜರ್ ಮುಖದ ಬಣ್ಣ ಇಳಿದುಹೋಯಿತು. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. “ಯಾರ್ಯಾರಿಗೆ ಗೊತ್ತಾಗಿದೆ?”

“ಆಫೀಸಲ್ಲಿ ಯಾರಿಗೂ ಹೇಳಿಲ್ಲ ಸರ್. ಮನೇಲಿ ಮಾತ್ರ. ಅತ್ತೆಗೆ, ನಮ್ಮನೆಯವರಿಗೆ.”

“ಅತ್ತೆಗೂ ಹೇಳಿದ್ರಾ?” ಎಂದು ಅವರು ಹಣೆ ಹಿಡಿದುಕೊಂಡರು. “ಏನಂದ್ರು?”

“ಬಂದು ನಿಮ್ಮ ಹತ್ರ ಮಾತಾಡು ಅಂದ್ರು. ಪೆನ್ನಿನ ಮುಚ್ಚಳ ಅಂತ ಓದಿದ ತಕ್ಷಣ ನಂಗೆ ಗೊತ್ತಾಗ್ಬಿಡ್ತು ಸರ್.”

ಮ್ಯಾನೇಜರ್ ತಮ್ಮ ಕೈ ನೋಡಿಕೊಂಡರು. ಅವರ ಎಡಗೈಯಲ್ಲಿ ಪೆನ್ನಿತ್ತು, ಬಲಗೈಯಲ್ಲಿ ಅದರ ಮುಚ್ಚಳ. ಮೆಲ್ಲಗೆ ಎರಡನ್ನೂ ಮೇಜಿನ ಮೇಲಿಟ್ಟರು. “ಮುಚ್ಚಳದ ವಿಷಯ ಬರೀಬಾರ್ದಿತ್ತು,” ಎಂದರು.

ಫೋನಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವ ಆತುರ ಅವಳಿಗೆ. “ಬರೆದದ್ದೆಲ್ಲ ನಿಜ ಸರ್. ಆವತ್ತು ಮೀಟಿಂಗಲ್ಲಿ ನಂಗೆ ಒಂದಕ್ಷರ ಅರ್ಥ ಆಗಿರ್ಲಿಲ್ಲ. ಸುಮ್ನೆ ತಲೆ ಆಡಿಸ್ದೆ. ಇಂಥವಳು ಈ ಕೆಲಸದಲ್ಲಿ ಇರಬಾರ್ದು ಅಂತ ನಿಮಗೂ ಅನ್ನಿಸಿದ್ರೆ ಹೇಳ್ಬಿಡಿ. ನಾನು ಮತ್ತೆ ಫೋನಿಗೆ ಹೋಗ್ತೀನಿ.”

ಮ್ಯಾನೇಜರ್ ಅವಳನ್ನು ಕಣ್ಣು ಮಿಟುಕಿಸದೆ ನೋಡಿದರು.

“ನಿಮಗೂನಾ?”

“ಅಂದ್ರೆ?”

“ನಿಮಗೂ ಅರ್ಥ ಆಗಿರ್ಲಿಲ್ವಾ?”

ಈಗ ನೋಡುತ್ತ ಕೂರುವ ಸರದಿ ಫೋನಕ್ಕನದು. ನಿಮಗೂ ಎಂದರೆ? ಮೇಜಿನ ಮೇಲಿದ್ದ ಪೆನ್ನು ನೋಡಿದಳು, ಮುಚ್ಚಳ ನೋಡಿದಳು, ಕುರ್ಚಿ ಮಾರುತ್ತಿದ್ದ ಆ ಹಿರಿಯರ ಮುಖ ನೋಡಿದಳು. ಕುರ್ಚಿಯನ್ನು ಹಿಡಿದಿದ್ದ ಅವಳ ಕೈ ಸಡಿಲವಾಯಿತು. ಕುರ್ಚಿ ಗುಂಯ್ ಎಂದು ಹಿಂದಕ್ಕೆ ವಾಲಿ ಅವಳನ್ನು ಛಾವಣಿ ನೋಡುವಂತೆ ಮಲಗಿಸಿತು. ಹಾಗೆ ಮಲಗಿದ್ದಲ್ಲಿಂದಲೇ ಕೇಳಿದಳು:

“ಸರ್, ಆಮೆ ನೀವಾ?”

“ಮತ್ತೆ, ಗೊತ್ತಾಯ್ತು ಅಂದ್ರಲ್ಲ!”

“ಅಯ್ಯೋ, ನಂಗೆ ಗೊತ್ತಾಗಿದ್ದು ಅದಲ್ಲ ಸರ್! ಅದು ನನ್ನ ಬಗ್ಗೆ ಬರೆದದ್ದು ಅಂತ...”

“ನಿಮ್ಮ ಬಗ್ಗೆ ನಾನ್ಯಾಕ್ರೀ ಬರೀಲಿ? ನನ್ನ ಬಗ್ಗೆನೇ ಬರ್ಕೊಂಡಿದ್ದು. ನಾನು ಅಂತ ಬರೆಯೋಕೆ ನಾಚಿಕೆ ಆಯ್ತು, ಅದಕ್ಕೆ ಹಿರಿಯರೊಬ್ಬರು ಅಂತ ಬರೆದೆ.”

ಅವಳು ಮಲಗಿದ್ದಂತೆಯೇ ಮೊಬೈಲ್ ತೆಗೆದು ಮತ್ತೆ ಓದಿದಳು. ಹಿರಿಯರು, ಅವರು, ಆಡಿಸುತ್ತಾರೆ, ಆಡಿಸಿದರು. ಹೆಂಗಸು ಎಂದು ಎಲ್ಲೂ ಇರಲಿಲ್ಲ, ಗಂಡಸು ಎಂದೂ ಇರಲಿಲ್ಲ. ಮರ್ಯಾದೆ ಕೊಟ್ಟು ಬರೆದದ್ದೇ ತಪ್ಪಾಗಿತ್ತು. ಅವಳಿಗೆ ಮೊದಲು ಬಂದದ್ದು ನಗುವೋ ಅಳುವೋ ಹೇಳುವುದು ಕಷ್ಟ; ಎರಡೂ ಒಟ್ಟಿಗೇ ಬಂದವು. ಹೊಟ್ಟೆ ಹಿಡಿದುಕೊಂಡು, ಆ ಕುರ್ಚಿಯಲ್ಲಿ ಕಾಲು ಮೇಲೆ ಮಾಡಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕಳು. ಮ್ಯಾನೇಜರ್ ಮೊದಲು ಗಾಬರಿಯಾದರು, ಆಮೇಲೆ ಅವರಿಗೂ ನಗು ಹತ್ತಿತು. ಕೋಣೆಯ ಗಾಜಿನ ಗೋಡೆಯ ಆಚೆ ಕೂತವರು ತಲೆ ಎತ್ತಿ ನೋಡಿದರು.

“ನಿಮ್ಮ ತಲೆ ಆಡ್ತಿರೋದು ನೋಡಿ ನಾನು ಆಡಿಸ್ದೆ ಸರ್,” ಎಂದಳು ಉಸಿರು ಹಿಂದಿರುಗಿದ ಮೇಲೆ.

“ಚೆನ್ನಾಯ್ತು! ಕ್ಲಿನಿಕ್ಕಿನ ಕಷ್ಟಸುಖ ಎಲ್ಲ ಬಲ್ಲ ಫೋನಕ್ಕನೇ ಒಪ್ಪಿದ್ರು ಅಂತ ನಾನು ಆಡಿಸಿದ್ದು.”

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಕಂಪ್ಯೂಟರಿನವರ ಮೇಲೆ ಮ್ಯಾನೇಜರಾಗಿ ಕೂತ ದಿನದಿಂದ, ಗೊತ್ತಿಲ್ಲ ಎಂಬ ಮಾತನ್ನು ಬಾಯಿಬಿಟ್ಟು ಆಡುವ ಹಾಗಿರಲಿಲ್ಲವಂತೆ. ಗುಟ್ಟಾಗಿ ಪ್ರೋಗ್ರಾಮಿಂಗ್ ಕಲಿಯತೊಡಗಿ, ಆಡಲಾಗದ್ದನ್ನೆಲ್ಲ ಆಮೆಯಾಗಿ ಬರೆಯತೊಡಗಿದರಂತೆ. ಕೊನೆಯ ಬರಹದ ಕೊನೆಯ ಮಾತನ್ನೂ ಅವರು ಸುಮ್ಮನೆ ಬರೆದಿರಲಿಲ್ಲ. ಈ ವಾರವೇ ಯಜಮಾನರಿಗೆ ಹೇಳಿ, ಮತ್ತೆ ಕುರ್ಚಿ ಮಾರಲು ಹೋಗಿಬಿಡುವುದು ಎಂದು ತೀರ್ಮಾನಿಸಿದ್ದರು.

“ಹೋಗ್ಬೇಡಿ ಸರ್,” ಎಂದಳು ಫೋನಕ್ಕ. “ನಂಗೆ ಓದೋಕೆ ಇನ್ಯಾರಿದಾರೆ?” ಅದು ಅವಳ ಬಾಯಿಂದ ತಾನಾಗಿ ಹೊರಬಿದ್ದ ಮಾತು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಓದುಗರಲ್ಲಿ ಒಬ್ಬರನ್ನು ಅವರು ಎದುರಿಗೆ ಕಂಡದ್ದು ಅದೇ ಮೊದಲು.

ಅಂದು ಮಧ್ಯಾಹ್ನ ಅವರು ತಂಡವನ್ನೆಲ್ಲ ಮತ್ತೆ ಆ ಮೇಜಿನ ಸುತ್ತ ಕರೆದರು. ಎದ್ದು ನಿಂತು, ಪೀಠಿಕೆ ಹಾಕದೆ, “ಮೊನ್ನೆ ಹೇಳಿದ್ದು ನಂಗೆ ಅರ್ಥ ಆಗಿಲ್ಲಮ್ಮ. ಇನ್ನೊಂದ್ಸಲ ಹೇಳ್ತೀಯಾ, ಮೊದಲಿಂದ?” ಎಂದು ಮಿಂಚುವನ್ನು ಕೇಳಿದರು.

“ನಂಗೂ ಆಗಿಲ್ಲ,” ಎಂದಳು ಫೋನಕ್ಕ. ಹೇಳಿದ ಮೇಲೆ ಏನೂ ಆಗಲಿಲ್ಲ. ಛಾವಣಿ ಬೀಳಲಿಲ್ಲ, ಯಾರೂ ಭುಜ ಮುಟ್ಟಿ ಎಬ್ಬಿಸಲಿಲ್ಲ.

“ನಂಗೆ ಹಂಡೆ ತನಕ ಅರ್ಥ ಆಗಿತ್ತು,” ಎಂದ ಟೆಸ್ಟರ್. ಎಲ್ಲರೂ ಗೊಳ್ಳೆಂದರು.

ಮಿಂಚು ಬೋರ್ಡಿನ ಹತ್ತಿರ ಹೋದಳು. ಸರ್ವಿಸ್ ಎಂದರೆ ಏನು, ಅದು ಬೇರೆ ಕಂಪ್ಯೂಟರಾ, ಬೇರೆ ಪ್ರೋಗ್ರಾಮಾ ಎಂದು ಫೋನಕ್ಕ ಕೇಳಿದಳು. ಮಿಂಚು ಬೇಸರ ಮಾಡಿಕೊಳ್ಳದೆ, ಒಂದೇ ಒಂದು ಚೌಕ ಬರೆದು ವಿವರಿಸಿದಳು. ಎಷ್ಟು ಸಲೀಸಾಗಿ ವಿವರಿಸಿದಳೆಂದರೆ, ಬಸ್ಸಿನಲ್ಲಿ ತಿಂಗಳುಗಟ್ಟಲೆ ಓದಿ ತಲೆಗೆ ಹತ್ತದ್ದು ಒಂದು ಕಪ್ ಕಾಫಿ ಆರುವಷ್ಟರಲ್ಲಿ ಹತ್ತಿತು. ಟೆಸ್ಟರ್ ಕೇಳಿದ, ಅದಕ್ಕೂ ಉತ್ತರ ಬಂತು. ಹುಡುಗಿ ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ.

ಕೊನೆಗೆ ಮ್ಯಾನೇಜರ್ ಕೇಳಿದರು. “ಈಗ ಅರ್ಥ ಆಯ್ತು. ಆದ್ರೆ ನಾವು ಇದನ್ನ ಯಾಕೆ ಮಾಡ್ಬೇಕು? ನಮ್ಮ ಯಾವ ತೊಂದರೆ ಹೋಗುತ್ತೆ?”

ಮಿಂಚು ಬೋರ್ಡಿನ ಕಡೆ ನೋಡಿದಳು. ಕೈಯಲ್ಲಿದ್ದ ಮಾರ್ಕರ್ ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದು ಕೂತಳು.

“ನಿಜ ಹೇಳ್ಲಾ ಸರ್? ನಂಗೂ ಗೊತ್ತಿಲ್ಲ,” ಎಂದಳು. “ಎಲ್ಲಿ ನೋಡಿದ್ರೂ ಇದೇ ಬರೀತಿದಾರೆ. ಇನ್ನೂ ಹಳೇ ತರಾನೇ ಮಾಡೋರು ಮುಳುಗಿಹೋಗ್ತಾರೆ ಅಂತ. ದಿನಾ ಓದಿ ಓದಿ, ನಾನು ಹಿಂದೆ ಬಿದ್ದೆ, ನಿಮ್ಮನ್ನೆಲ್ಲ ಮುಳುಗಿಸ್ತೀನಿ ಅಂತ ಭಯ ಆಗ್ಬಿಟ್ಟಿತ್ತು. ಆವತ್ತು 'ಅರ್ಥ ಆಯ್ತಲ್ಲ' ಅಂದಾಗ, ಯಾರಾದ್ರೂ ಬೇಡ ಅನ್ಲಿ ಅಂತಾನೇ ಕಾಯ್ತಿದ್ದೆ. ಎಲ್ಲರೂ ತಲೆ ಆಡಿಸ್ಬಿಟ್ರಿ.”

ಫೋನಕ್ಕ ಆ ಹುಡುಗಿಯನ್ನೇ ನೋಡಿದಳು. ಇವಳ ಎದೆಯಲ್ಲೂ ಒಂದು ಇಲಿ! ಮಿಂಚಿನಂಥವಳ ಎದೆಯಲ್ಲೂ! ಎದ್ದು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. “ನಾನು ಓದೋ ಬಸ್ಸಲ್ಲೇ ನೀನೂ ಕೂತಿದೀಯ ಅಂತ ಗೊತ್ತಿರ್ಲಿಲ್ಲ ಕಣೇ,” ಎಂದಳು. ಮಿಂಚು ಮೂಗು ಒರೆಸಿಕೊಂಡು ನಕ್ಕಳು. ಆ ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟ ಹಾಗಾಯಿತು.

ಹಾಗೆಂದು ಮಿಂಚುವಿನ ಯೋಜನೆ ಕಸದ ಬುಟ್ಟಿಗೆ ಹೋಗಲಿಲ್ಲ. ಸುತ್ತ ಕೂತು, ಈಗ ನಿಜವಾಗಿ ಕಾಡುತ್ತಿರುವುದು ಯಾವುದು ಎಂದು ಮಾತಾಡಿದಾಗ, ಒಂದೇ ಒಂದು ಭಾಗದ ಹೆಸರು ಎಲ್ಲರ ಬಾಯಲ್ಲೂ ಬಂತು. ನಾಳೆ ನಿಮ್ಮ ಹಲ್ಲು ತೋರಿಸುವ ದಿನ ಎಂದು ರೋಗಿಗಳಿಗೆ ನೆನಪಿನ ಸಂದೇಶ ಕಳಿಸುವ ಭಾಗ. ಅದು ಕೆಟ್ಟು ಕೂತರೆ ಇಡೀ ಪ್ರೋಗ್ರಾಮನ್ನೇ ಎಳೆದು ಕೂರಿಸುತ್ತಿತ್ತು. ಅದೊಂದನ್ನು ಮಾತ್ರ ಬೇರೆ ಮಾಡೋಣ, ಉಳಿದದ್ದು ಇದ್ದ ಹಾಗೇ ಇರಲಿ ಎಂದಾಯಿತು. ಮಿಂಚುವೇ ಮುಂದಾಳು, ಜೊತೆಗೆ ಫೋನಕ್ಕ.

ಅಂದು ಮನೆಗೆ ಹೋಗಿ ಫೋನಕ್ಕ ನಡೆದದ್ದನ್ನೆಲ್ಲ ಹೇಳಿದಾಗ, ಗಂಡನಿಗೆ ಯಾರನ್ನೂ ಲಿಫ್ಟಿನಲ್ಲಿ ನಿಲ್ಲಿಸುವ ಅವಕಾಶ ತಪ್ಪಿತಲ್ಲ ಎಂದು ಸ್ವಲ್ಪ ಬೇಜಾರೇ ಆಯಿತು. ಅತ್ತೆ ಬಹಳ ಹೊತ್ತು ನಕ್ಕು, “ಪಾಪ ಅವರನ್ನ ಒಂದಿನ ಊಟಕ್ಕೆ ಕರಿ,” ಎಂದರು.

ಕೆಲಸ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ನಡುವೆ ಒಂದೆರಡು ಸಲ ಮಿಂಚುವೂ ಫೋನಕ್ಕನೂ ಇಂಗು ತಿಂದ ಮಂಗನ ಹಾಗೆ ಸ್ಕ್ರೀನ್ ನೋಡುತ್ತ ಕೂತದ್ದುಂಟು. ಆದರೆ ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎನ್ನುವುದಕ್ಕೆ ಈಗ ಯಾರಿಗೂ ಎದೆ ಹೊಡೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಸಿಕ್ಕು ಬೇಗ ಬಿಡುತ್ತಿತ್ತು. ಬಸ್ಸಿನ ಓದನ್ನೂ ಫೋನಕ್ಕ ಬಿಡಲಿಲ್ಲ. ಇಷ್ಟಾದರೂ ಗೊತ್ತಿರಲೇಬೇಕು ಎಂದು ಯಾರಾದರೂ ಗುಡುಗಿದ್ದರೆ, ಹೌದೇನಪ್ಪಾ ಎಂದುಕೊಂಡು, ಕುತೂಹಲ ಹುಟ್ಟಿಸಿದ ಒಂದು ವಿಷಯವನ್ನು ಹೆಕ್ಕಿಕೊಂಡು, ಮಿಂಚುವಿನ ಹತ್ತಿರ ಕೇಳುವಳು. ಎಷ್ಟೋ ಸಲ ಮಿಂಚು, “ಅದಾ? ನಂಗೂ ಹೇಳಿಕೊಡೋರು ಬೇಕು. ಬನ್ನಿ, ಒಟ್ಟಿಗೇ ಓದೋಣ,” ಎನ್ನುವಳು.

ಹೊಸದಾಗಿ ಬೇರೆ ಮಾಡಿದ ಭಾಗವನ್ನು ಚಾಲೂ ಮಾಡಿದ ದಿನ ಮಧ್ಯಾಹ್ನ, ಮಿಂಚು, ಫೋನಕ್ಕ, ಮ್ಯಾನೇಜರ್ ಮೂವರೂ ಒಂದೇ ಸ್ಕ್ರೀನಿನ ಮುಂದೆ ತಲೆಗೆ ತಲೆ ತಾಗಿಸಿ ನಿಂತರು. ಮೊದಲನೆಯ ಸಂದೇಶ ಹೋಯಿತು. ಎರಡನೆಯದು ಹೋಯಿತು. ಆಮೇಲೆ ಸಾಲುಸಾಲಾಗಿ ಹೋಗತೊಡಗಿದವು. ಬೇಕೆಂದೇ ಆ ಭಾಗವನ್ನು ನಿಲ್ಲಿಸಿ ನೋಡಿದರು. ಉಳಿದ ಪ್ರೋಗ್ರಾಮ್ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಕ್ಲಿನಿಕ್ಕಿನ ಒಂದು ಫೋನೂ ಬರಲಿಲ್ಲ. ಆಚೆ ಫೋನಿನ ಮೇಜಿನಲ್ಲಿ ಕೂತವಳು ಆಕಳಿಸುತ್ತಿದ್ದಳು.

“ಏನೂ ಆಗ್ತಿಲ್ಲ,” ಎಂದಳು ಮಿಂಚು, ನಂಬಲಾರದವಳಂತೆ.

“ಏನೂ ಆಗ್ದೇ ಇರೋದೇ ಅಲ್ವಾ ನಮಗೆ ಬೇಕಾಗಿದ್ದು?” ಎಂದರು ಮ್ಯಾನೇಜರ್. “ಹೋಗಿ, ಎಲ್ಲ ಮನೆಗೆ ಹೋಗಿ. ಬೆಳಕಿರೋವಾಗ್ಲೇ ಮನೆ ಸೇರಿ ಎಷ್ಟು ದಿನ ಆಯ್ತೋ.”

ಫೋನಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಹಣ್ಣಿನಂಗಡಿಯವನು ಸೇಬುಗಳನ್ನು ಒರೆಸಿ ಜೋಡಿಸುತ್ತಿದ್ದ, ಶಾಲೆ ಬಿಟ್ಟ ಮಕ್ಕಳು ಫುಟ್‌ಪಾತಿನ ತುಂಬ ಕೂಗಾಡುತ್ತ ಹೋಗುತ್ತಿದ್ದರು. ಬಸ್ಸು ಬಂತು, ಬಾಗಿಲು ತೆರೆಯಿತು. ಅವಳಿಗೆ ಯಾಕೋ ಹತ್ತುವ ಮನಸ್ಸಾಗಲಿಲ್ಲ. ಮೈ ಅಷ್ಟು ಹಗುರಾಗಿತ್ತು. ನಡೆದೇ ಹೋಗುತ್ತೇನೆ ಎಂದು ಡ್ರೈವರನಿಗೆ ಕೈ ಆಡಿಸಿ, ಮಕ್ಕಳ ಗುಂಪಿನ ಹಿಂದೆ ಮೆಲ್ಲಗೆ ಹೆಜ್ಜೆ ಹಾಕಿದಳು.